ಜ್ವರ ಬಿಟ್ಟ ದಿನ ಲಾಗಿನ್ ಆಗಬೇಡಿ

ಮುಂಗಾರು ಶುರುವಾಗಿ ಮೂರ್ನಾಲ್ಕು ವಾರ ಕಳೀತು ಅಂದ್ರೆ ಬೆಂಗಳೂರಿನ ಯಾವುದೇ ಆಫೀಸಿನ ಟೀಮ್ ಗ್ರೂಪಿನಲ್ಲಿ ಎರಡು ಥರದ ಮೆಸೇಜ್ ಬರೋಕೆ ಶುರುವಾಗುತ್ತೆ. ಮೊದಲನೆಯದು, ‘ಜ್ವರ ಇದೆ, ಸಿಕ್ ಲೀವ್ ತಗೋತಿದೀನಿ’. ಮೂರ್ನಾಲ್ಕು ದಿನ ಬಿಟ್ಟು ಅದೇ ಮನುಷ್ಯನಿಂದ ಎರಡನೆಯದು, ‘ಜ್ವರ ಬಿಟ್ಟಿದೆ, ನಾಳೆ ಲಾಗಿನ್ ಆಗ್ತೀನಿ’. ಎಲ್ಲರೂ ಹೆಬ್ಬೆಟ್ಟು ಒತ್ತಿ ಮುಂದಕ್ಕೆ ಹೋಗ್ತಾರೆ. ಡೆಂಗಿ ಸೀಸನ್ನಿನಲ್ಲಿ ನನಗೆ ಸ್ವಲ್ಪ ಭಯ ಆಗೋದು ಈ ಎರಡನೇ ಮೆಸೇಜ್ ನೋಡಿದಾಗ.

ಯಾಕೆ ಅಂದ್ರೆ, ಬೇರೆ ಜ್ವರಗಳಲ್ಲಿ ಮೈ ತಣ್ಣಗಾಯ್ತು ಅಂದ್ರೆ ಕಾಯಿಲೆ ಹೋಯ್ತು ಅಂತ ಅರ್ಥ. ಡೆಂಗಿಯಲ್ಲಿ ಹಾಗಲ್ಲ. ಸಾಮಾನ್ಯವಾಗಿ ಎರಡರಿಂದ ಏಳು ದಿನ ಜ್ವರ ಇರುತ್ತೆ. ಜ್ವರ 100 ಡಿಗ್ರಿ ಫ್ಯಾರನ್‌ಹೀಟಿನ ಕೆಳಗೆ ಇಳಿಯುವ ಹೊತ್ತಿಗೆ, ಅಂದರೆ ಹೆಚ್ಚಾಗಿ ಮೂರನೇ ದಿನದಿಂದ ಏಳನೇ ದಿನದ ಒಳಗೆ, ಕಾಯಿಲೆಯ ಅಪಾಯದ ಅವಧಿ ಶುರುವಾಗುತ್ತೆ. ಅದು ಇರೋದು 24ರಿಂದ 48 ಗಂಟೆ. ನಾವು ಅದೇ 48 ಗಂಟೆಯಲ್ಲಿ ತಲೆಗೆ ಸ್ನಾನ ಮಾಡಿ, ಬಿರಿಯಾನಿ ತರಿಸಿ, ಬಾಕಿ ಉಳಿದ ಕೆಲಸ ಮುಗಿಸೋಕೆ ಕೂತಿರ್ತೀವಿ.

ಆಗ ದೇಹದೊಳಗೆ ಏನಾಗುತ್ತೆ? ಹೊಸ ಮಣ್ಣಿನ ಮಡಕೆಯಲ್ಲಿ ನೀರು ತುಂಬಿಟ್ಟರೆ ಹೊರಗಡೆ ಜಿನುಗುತ್ತಲ್ಲ, ನಮ್ಮ ಸಣ್ಣ ಸಣ್ಣ ರಕ್ತನಾಳಗಳೂ ಹಾಗೇ ಜಿನುಗೋಕೆ ಶುರುಮಾಡ್ತವೆ. ರಕ್ತಕಣಗಳು ಒಳಗೇ ಉಳೀತವೆ, ಪ್ಲಾಸ್ಮಾ ಅನ್ನೋ ನೀರಿನ ಭಾಗ ಮಾತ್ರ ಹೊಟ್ಟೆ, ಎದೆಗೂಡಿನ ಕಡೆ ಸೋರಿ ಹೋಗುತ್ತೆ. ಹೊರಗಿಂದ ಒಂದು ಹನಿ ರಕ್ತವೂ ಕಾಣಲ್ಲ. ಆದರೆ ನಾಳಗಳಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತಾ, ಒಟ್ಟು ಪ್ರಮಾಣ ಕಡಿಮೆಯಾಗುತ್ತಾ ಹೋಗುತ್ತೆ. ಸೋರಿಕೆ ಜಾಸ್ತಿಯಾದರೆ ಬಿಪಿ ಕುಸಿಯುತ್ತೆ, ಶಾಕ್ ಅಂತಾರೆ ಅದನ್ನ. ಡೆಂಗಿಯಲ್ಲಿ ಜೀವಕ್ಕೆ ಕುತ್ತು ಬರೋದು ಹೆಚ್ಚಾಗಿ ಈ ದಾರಿಯಲ್ಲಿ.

ಹಾಗಂತ ಗಾಬರಿ ಬೇಡ. ಡೆಂಗಿ ಬಂದವರಲ್ಲಿ ಬಹಳಷ್ಟು ಜನ ಮನೆಯಲ್ಲೇ ಗುಣ ಆಗ್ತಾರೆ. ಸೋರಿಕೆಯನ್ನ ಸಮಯಕ್ಕೆ ಸರಿಯಾಗಿ ಹಿಡಿದರೆ ಆಸ್ಪತ್ರೆಯಲ್ಲಿ ಬೇಕಾಗೋದು ಮುಖ್ಯವಾಗಿ ಅಳತೆ ನೋಡಿ ಕೊಡುವ ಡ್ರಿಪ್, ಅಷ್ಟೇ. ಕಷ್ಟ ಇರೋದು ಸಮಯಕ್ಕೆ ಹಿಡಿಯೋದರಲ್ಲಿ. ನಾವೆಲ್ಲ ನೋಡ್ತಾ ಕೂರೋದು ಬೇರೆಯದೇ ನಂಬರನ್ನ, ಪ್ಲೇಟ್‌ಲೆಟ್ ಕೌಂಟನ್ನ.

ಪ್ರೊಡಕ್ಷನ್ ಸಪೋರ್ಟ್ ಮಾಡಿದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಡ್ಯಾಶ್‌ಬೋರ್ಡಿನಲ್ಲಿ ಸಿಪಿಯು ಗ್ರಾಫ್ ಒಂದೇ ಕೆಂಪಗೆ ಮಿಣುಕ್ತಾ ಇದ್ದರೆ ಎಲ್ಲರೂ ಅದರ ಮುಂದೆ ಕೂರ್ತಾರೆ. ಡಿಸ್ಕ್ ತುಂಬ್ತಾ ಇರೋದನ್ನ ಯಾರೂ ನೋಡಲ್ಲ. ನಮ್ಮ ಟೀಮಿನಲ್ಲೇ ಒಂದೇ ತಿಂಗಳಲ್ಲಿ ಇಬ್ಬರಿಗೆ ಡೆಂಗಿ ಆಗಿತ್ತು. ಒಬ್ಬನ ಪ್ಲೇಟ್‌ಲೆಟ್ 22,000ಕ್ಕೆ ಇಳಿಯಿತು. ಆಫೀಸ್ ಗ್ರೂಪಿನಲ್ಲಿ ರಕ್ತದ ಗುಂಪು, ಆಸ್ಪತ್ರೆ ಹೆಸರು, ‘ಅರ್ಜೆಂಟ್’ ಅಂತ ಫಾರ್ವರ್ಡ್‌ಗಳ ಮೇಲೆ ಫಾರ್ವರ್ಡ್. ಆದರೆ ಅವನು ಊಟ ಮಾಡ್ತಿದ್ದ, ನೀರು ಕುಡೀತಿದ್ದ, ಎಲ್ಲೂ ರಕ್ತಸ್ರಾವ ಇರಲಿಲ್ಲ, ಬಿಪಿ ಸರಿಯಾಗಿತ್ತು. ಡಾಕ್ಟರು ಅಡ್ಮಿಟ್ ಮಾಡಿಕೊಂಡು ಬರೀ ನಿಗಾ ಇಟ್ಟರು. ಒಂದು ಬಾಟಲಿ ಪ್ಲೇಟ್‌ಲೆಟ್ಟೂ ಹಾಕದೆ ಮೂರನೇ ದಿನ ಮನೆಗೆ ಕಳಿಸಿದರು. ಇನ್ನೊಬ್ಬನದು 85,000. ‘ಪರವಾಗಿಲ್ಲ, ಚೆನ್ನಾಗಿದೆ’ ಅಂತ ಎಲ್ಲರೂ ನಿರಾಳ. ಐದನೇ ದಿನ ಜ್ವರ ಇಲ್ಲ, ಹೊಟ್ಟೆನೋವು ಅಂದ. ಅಸಿಡಿಟಿ ಇರಬೇಕು ಅಂತ ಮಾತ್ರೆ ನುಂಗಿ ಮಲಗಿದ್ದವನನ್ನ ಪಿಜಿಯ ರೂಮ್‌ಮೇಟ್ ಎಬ್ಬಿಸಿ ಎಮರ್ಜೆನ್ಸಿಗೆ ಕರಕೊಂಡು ಹೋದ. ಎರಡು ದಿನದ ಹಿಂದೆ 42 ಇದ್ದ ಪಿಸಿವಿ 51 ಆಗಿತ್ತು. ಅವತ್ತು ರಾತ್ರಿ ಐಸಿಯು.

ಈ ಪಿಸಿವಿ ಅನ್ನೋದು ಯಾವುದೋ ದುಬಾರಿ ಟೆಸ್ಟ್ ಅಲ್ಲ. ನೀವು ಮಾಡಿಸುವ ಅದೇ ಸಿಬಿಸಿ ರಿಪೋರ್ಟಿನಲ್ಲಿ, ಪ್ಲೇಟ್‌ಲೆಟ್ಟಿಗಿಂತ ಕೆಲವು ಸಾಲು ಮೇಲೆ ಇರುತ್ತೆ. ಕೆಲವು ಲ್ಯಾಬ್‌ನವರು ಹೆಮಟೋಕ್ರಿಟ್ ಅಂತ ಹಾಕ್ತಾರೆ. ರಕ್ತದಲ್ಲಿ ಕಣಗಳ ಪಾಲು ಶೇಕಡಾ ಎಷ್ಟು ಅನ್ನೋದೇ ಅದು. ನೀರು ಸೋರಿ ಹೋದರೆ ಕಣಗಳ ಪಾಲು ಏರುತ್ತೆ. ಹಾಗಾಗಿ ಪ್ಲೇಟ್‌ಲೆಟ್ ಇಳೀತಾ ಪಿಸಿವಿ ಏರ್ತಾ ಇದ್ದರೆ ಸೋರಿಕೆ ನಡೀತಿದೆ ಅಂತ ಅನುಮಾನ ಪಡಬೇಕು. ಮೊದಲಿನದಕ್ಕಿಂತ ಶೇಕಡಾ 20ರಷ್ಟು ಏರಿಕೆ ಅಂದರೆ ಗಂಭೀರ. ಇಲ್ಲಿ ಒಂದು ರಿಪೋರ್ಟಿನಿಂದ ಕೆಲಸ ಆಗಲ್ಲ, ಹೋಲಿಸೋಕೆ ಮೊದಲಿನ ನಂಬರ್ ಬೇಕು. ಅದಕ್ಕೇ ಜ್ವರದ ಮೊದಲ ಎರಡು ಮೂರು ದಿನದಲ್ಲೇ ಒಂದು ಸಿಬಿಸಿ ಮಾಡಿಸಿ ಇಟ್ಟುಕೊಂಡಿರೋದು ಒಳ್ಳೇದು. ಆಮೇಲಿನವನ್ನೂ ಆದಷ್ಟು ಅದೇ ಲ್ಯಾಬಿನಲ್ಲಿ ಮಾಡಿಸಿ.

ಪ್ಲೇಟ್‌ಲೆಟ್ ನಂಬರನ್ನ ಅತಿಯಾಗಿ ನಂಬಬಾರದು ಅನ್ನೋಕೆ ಇನ್ನೊಂದು ಕಾರಣವೂ ಇದೆ. ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡರೆ ಮಷೀನು ಕಡಿಮೆ ಎಣಿಸುತ್ತೆ. ಬೆಳಿಗ್ಗೆ ಒಂದು ಕಡೆ 30,000, ಮಧ್ಯಾಹ್ನ ಇನ್ನೊಂದು ಕಡೆ 48,000 ಅಂತ ಬಂದರೆ ಪವಾಡ ಏನೂ ನಡೆದಿರಲ್ಲ. ರಕ್ತಸ್ರಾವ ಇಲ್ಲದಿದ್ದರೆ ಕೌಂಟು 10,000ಕ್ಕಿಂತ ಕೆಳಗೆ ಹೋಗುವ ತನಕ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಹಾಕುವ ಅಗತ್ಯ ಇಲ್ಲ ಅನ್ನೋದು ನಮ್ಮ ದೇಶದ ಚಿಕಿತ್ಸಾ ಮಾರ್ಗಸೂಚಿ. ಕೊನೇ ತೀರ್ಮಾನ ಡಾಕ್ಟರದ್ದೇ. ಆದರೆ ‘50,000ಕ್ಕೆ ಬಂದಿದೆ, ಇನ್ನೂ ಯಾಕೆ ಹಾಕಿಲ್ಲ’ ಅಂತ ನಾವು ಕೌಂಟರಿನಲ್ಲಿ ಜಗಳಕ್ಕೆ ನಿಲ್ಲೋದರಲ್ಲಿ ಅರ್ಥ ಇಲ್ಲ.

ಪಪ್ಪಾಯಿ ಎಲೆ ರಸದ ವಿಷಯ ಬರೆಯದಿದ್ದರೆ ಅಮ್ಮಂದಿರು ನನ್ನನ್ನ ಬಿಡಲ್ಲ. ಅಪಾಯದ ಅವಧಿ ದಾಟಿದ ಮೇಲೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತೆ, ಅದೂ ಬೇಗ ಬೇಗ. ಅವತ್ತು ಕೊಟ್ಟಿದ್ದು ಯಾವುದೋ ಅದಕ್ಕೆ ಕ್ರೆಡಿಟ್ ಹೋಗುತ್ತೆ: ಪಪ್ಪಾಯಿ ಎಲೆ, ಕಿವಿ ಹಣ್ಣು, ಡ್ರ್ಯಾಗನ್ ಫ್ರೂಟ್, ಆಡಿನ ಹಾಲು. ಎಲೆ ರಸ ಪ್ಲೇಟ್‌ಲೆಟ್ಟನ್ನ ಸ್ವಲ್ಪ ಬೇಗ ಏರಿಸಬಹುದು ಅಂತ ಕೆಲವು ಸಣ್ಣ ಅಧ್ಯಯನಗಳು ಹೇಳ್ತವೆ ಅಂತಲೇ ಇಟ್ಟುಕೊಳ್ಳಿ. ಪ್ಲಾಸ್ಮಾ ಸೋರಿಕೆಯನ್ನ ಅದು ನಿಲ್ಲಿಸುತ್ತೆ ಅಂತ ಯಾರೂ ತೋರಿಸಿಲ್ಲ. ನನ್ನ ತಕರಾರು ಬೇರೆ. ಆ ಕಹಿಗೆ ಎಷ್ಟೋ ಜನ ವಾಂತಿ ಮಾಡ್ಕೋತಾರೆ. ಮೊದಲೇ ನೀರು ಬೇಕಾಗಿರೋ ದೇಹದಿಂದ ಇನ್ನಷ್ಟು ನೀರು ಹೋಯ್ತು. ಜೊತೆಗೆ, ನಿಲ್ಲದ ವಾಂತಿ ಡೆಂಗಿಯ ಒಂದು ಮುಖ್ಯ ಅಪಾಯದ ಗುರುತು. ಈಗ ವಾಂತಿ ಆಗಿದ್ದು ರಸದಿಂದಲೋ ಕಾಯಿಲೆಯಿಂದಲೋ ಅಂತ ಹೇಗೆ ಹೇಳ್ತೀರಿ?

ಆ ಗುರುತುಗಳು ಇನ್ಯಾವುವು ಅಂದರೆ, ಬಿಡದ ಹೊಟ್ಟೆನೋವು ಅಥವಾ ಮುಟ್ಟಿದರೆ ನೋಯುವ ಹೊಟ್ಟೆ, ಮೂಗು ಅಥವಾ ಒಸಡಿನಿಂದ ರಕ್ತ, ಕಪ್ಪು ಮಲ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಸ್ರಾವ ವಿಪರೀತ ಆಗೋದು, ಉಸಿರಾಟಕ್ಕೆ ಕಷ್ಟ, ಎದ್ದು ನಿಂತರೆ ತಲೆ ಸುತ್ತೋದು, ಕೈಕಾಲು ತಣ್ಣಗಾಗಿ ಬೆವರೋದು, ಮಂಕಾಗಿ ಬಿದ್ದುಕೊಳ್ಳೋದು ಇಲ್ಲವೇ ಕಾರಣ ಇಲ್ಲದೆ ಚಡಪಡಿಸೋದು. ಐದಾರು ಗಂಟೆಯಿಂದ ಮೂತ್ರವೇ ಆಗಿಲ್ಲ ಅನ್ನೋದೂ ಅಷ್ಟೇ ಮುಖ್ಯ. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಹೊರಡಿ. ಮನೆಯಲ್ಲಿ ಬಿಪಿ ಮಷೀನ್ ಇದ್ದರೆ ಇನ್ನೊಂದು ಲೆಕ್ಕ ಗೊತ್ತಿರಲಿ. ಶಾಕಿನ ಶುರುವಿನಲ್ಲಿ ಮೇಲಿನ ನಂಬರ್ ಚೆನ್ನಾಗೇ ಕಾಣಬಹುದು, ಎರಡರ ನಡುವಿನ ಅಂತರ ಕುಗ್ಗುತ್ತಾ ಬರುತ್ತೆ. 100/80 ಅಂತ ತೋರಿಸಿದರೆ ‘ನೂರಿದೆ, ಓಕೆ’ ಅನ್ನಬೇಡಿ. ಅಂತರ 20 ಅಥವಾ ಅದಕ್ಕಿಂತ ಕಡಿಮೆ ಅಂದರೆ ಅದು ಎಮರ್ಜೆನ್ಸಿ.

ಟೆಸ್ಟ್ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಮೊದಲ ಐದು ದಿನದ ಒಳಗಾದರೆ ಎನ್‌ಎಸ್‌1, ಆಮೇಲಾದರೆ ಐಜಿಎಂ. ಎನ್‌ಎಸ್‌1 ನೆಗೆಟಿವ್ ಬಂದರೂ ಡೆಂಗಿ ಇರಬಹುದು, ಹಾಗಾಗಿ ಲಕ್ಷಣಗಳ ಮೇಲೆ ಕಣ್ಣಿರಲಿ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಈ ಎರಡು ಎಲೈಸಾ ಪರೀಕ್ಷೆಗೆ ತಲಾ 300 ರೂಪಾಯಿ ಮಿತಿ ಹಾಕಿತ್ತು. ಪ್ಯಾಕೇಜ್ ಹೆಸರಲ್ಲಿ ಎರಡು ಮೂರು ಸಾವಿರದ ಬಿಲ್ ಕೈಗಿಟ್ಟರೆ ಒಳಗೆ ಏನೇನಿದೆ ಅಂತ ಕೇಳಿ ನೋಡಿ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ, ಮಾಡಬಾರದ್ದು ಇದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ದೊಡ್ಡವರಾದರೆ 650ರ ಮಾತ್ರೆ, ಎರಡರ ನಡುವೆ ಕನಿಷ್ಠ ಆರು ಗಂಟೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಬೇಡ. ನೆಗಡಿಗೆ ಅಂತ ನುಂಗುವ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಅದೂ ಲೆಕ್ಕಕ್ಕೆ ಬರಬೇಕು. ಮೈಕೈ ನೋವು ತಡೆಯಲಾರದೆ ಕಾಂಬಿಫ್ಲಾಮ್ ತಗೊಳ್ಳೋದು ನಮ್ಮಲ್ಲಿ ಮಾಮೂಲು. ಅದರಲ್ಲಿ ಐಬುಪ್ರೊಫೆನ್ ಇದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್, ಇವು ರಕ್ತಸ್ರಾವದ ಅಪಾಯ ಹೆಚ್ಚಿಸ್ತವೆ. ಡೆಂಗಿ ಅಲ್ಲ ಅಂತ ಖಾತ್ರಿ ಆಗುವ ತನಕ ಮುಟ್ಟಬೇಡಿ. ಹೃದಯಕ್ಕೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವ ಅಪ್ಪ ಅಮ್ಮನಿಗೆ ಜ್ವರ ಬಂದರೆ ನೀವೇ ನಿಲ್ಲಿಸೋದೂ ಬೇಡ, ಡಾಕ್ಟರನ್ನ ಕೇಳಿ. ‘ನಾಳೆ ರಿಲೀಸ್ ಇದೆ, ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಅಂತ ಕ್ಲಿನಿಕ್ಕಿನಲ್ಲಿ ಗೋಗರೆಯೋದೂ ಬೇಡ. ಡೆಂಗಿಯಲ್ಲಿ ಮಾಂಸಖಂಡಕ್ಕೆ ಚುಚ್ಚುವ ಇಂಜೆಕ್ಷನ್ ತಪ್ಪಿಸಬೇಕು ಅಂತಲೇ ಇದೆ.

ಕುಡಿಯೋದು ಮಾತ್ರ ಧಾರಾಳವಾಗಿರಲಿ. ಓಆರ್‌ಎಸ್, ಎಳನೀರು, ಗಂಜಿ, ಮಜ್ಜಿಗೆ, ತಿಳಿಸಾರು, ಏನು ಸೇರುತ್ತೋ ಅದು. ಬರೀ ನೀರಷ್ಟೇ ಕುಡಿದರೆ ಸಾಲದು, ಉಪ್ಪೂ ಬೇಕು. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಇಡಿಯಾಗಿ ಒಂದು ಲೀಟರಿಗೆ ಕಲಸಿ; ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿ ಓಆರ್‌ಎಸ್ ಅಲ್ಲ. ಸಾಕಷ್ಟು ಒಳಗೆ ಹೋಗ್ತಿದೆಯಾ ಅಂತ ತಿಳಿಯೋಕೆ ಸುಲಭ ದಾರಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರ ಆಗ್ತಿದೆಯಾ ನೋಡೋದು. ಆದರೆ ‘ಸೇಫ್ಟಿಗೆ ಎರಡು ಬಾಟಲಿ ಡ್ರಿಪ್ ಏರಿಸಿಬಿಡಿ’ ಅಂತ ದುಂಬಾಲು ಬೀಳಬೇಡಿ. ಸೋರಿಹೋದ ನೀರು ಅಪಾಯದ ಅವಧಿ ಮುಗಿದ ಮೇಲೆ ತಾನೇ ವಾಪಸ್ ರಕ್ತಕ್ಕೆ ಬರುತ್ತೆ. ಅದರ ಮೇಲೆ ಬೇಡದ ಡ್ರಿಪ್ಪೂ ಸೇರಿದರೆ ಶ್ವಾಸಕೋಶಕ್ಕೆ ನೀರು ತುಂಬಿಕೊಳ್ಳುತ್ತೆ.

ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯೋನು. ಇದನ್ನೆಲ್ಲ ಓದುವಾಗ ನನ್ನನ್ನ ಹಿಡಿದು ನಿಲ್ಲಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಡೆಂಗಿ ಮಾರ್ಗಸೂಚಿಯ ಒಂದು ಸಾಲು. ಯಾರನ್ನ ಆಸ್ಪತ್ರೆಯಲ್ಲಿ ಇಟ್ಟು ನೋಡಿಕೊಳ್ಳಬೇಕು ಅನ್ನುವ ಪಟ್ಟಿಯಲ್ಲಿ ಗರ್ಭಿಣಿಯರು, ಹಸುಗೂಸುಗಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರ ಜೊತೆಗೆ ಒಂಟಿಯಾಗಿ ವಾಸಿಸುವವರೂ ಇದ್ದಾರೆ. ಒಂಟಿಯಾಗಿರೋದು ಅಲ್ಲಿ ಅನುಕಂಪದ ವಿಷಯ ಅಲ್ಲ, ಮೆಡಿಕಲ್ ರಿಸ್ಕ್. ಮಂಕು ಬಡಿದವನಿಗೆ ತನಗೆ ಮಂಕು ಬಡಿದಿದೆ ಅಂತ ಗೊತ್ತಾಗಲ್ಲವಲ್ಲ! ರಾತ್ರಿ ಎರಡು ಗಂಟೆಗೆ ಕೈ ತಣ್ಣಗಿದೆಯಾ ಅಂತ ಮುಟ್ಟಿ ನೋಡೋಕೆ ಇನ್ನೊಬ್ಬರು ಬೇಕು. ಕಲಬುರಗಿಯಿಂದಲೋ ಶಿರಸಿಯಿಂದಲೋ ಬಂದು ಇಲ್ಲಿ ಒಂದು ರೂಮಿನಲ್ಲಿ ಇರುವವರು ನಮ್ಮಲ್ಲಿ ಎಷ್ಟು ಜನ ಇದೀವಿ! ಹಾಗಿದ್ದರೆ ಡಾಕ್ಟರಿಗೆ ‘ನಾನು ಒಬ್ಬನೇ ಇರೋದು’ ಅಂತ ಬಾಯಿ ಬಿಟ್ಟು ಹೇಳಿ. ಸಾಧ್ಯವಾದರೆ ಆ ನಾಲ್ಕೈದು ದಿನ ಅಣ್ಣನ ಮನೆಗೋ ಸ್ನೇಹಿತರ ಫ್ಲ್ಯಾಟಿಗೋ ಹೋಗಿ. ಅದೂ ಆಗಲ್ಲ ಅಂದರೆ ಪಕ್ಕದ ರೂಮಿನವರಿಗೆ ಒಂದು ಕೀ ಕೊಟ್ಟು, ದಿನಕ್ಕೆ ಮೂರು ಸಲ ಬಂದು ಮುಖ ನೋಡಿ ಹೋಗೋಕೆ ಹೇಳಿ. ಮೆಸೇಜ್ ಸಾಲದು. ಮತ್ತೆ, ಜ್ವರ ಶುರುವಾದ ದಿನಾಂಕ, ಹೊತ್ತು ಫೋನಿನಲ್ಲಿ ಬರೆದಿಡಿ. ಎಷ್ಟನೇ ದಿನ ಅನ್ನೋದು ಡಾಕ್ಟರು ಕೇಳುವ ಮೊದಲ ಪ್ರಶ್ನೆ.

‘ನನಗೆ ಕಾಲೇಜಿನಲ್ಲಿದ್ದಾಗಲೇ ಬಂದು ಹೋಗಿದೆ’ ಅನ್ನುವವರಿಗೆ ಒಂದು ಮಾತು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಂದರೆ ಅದರ ವಿರುದ್ಧ ಮಾತ್ರ ಬಾಳಿಕೆಯ ರಕ್ಷಣೆ. ಎರಡನೇ ಸಲ ಬೇರೆ ಬಗೆಯದು ಬಂದರೆ ಕಾಯಿಲೆ ತೀವ್ರವಾಗುವ ಸಾಧ್ಯತೆ ಮೊದಲ ಸಲಕ್ಕಿಂತ ಹೆಚ್ಚು.

ಜ್ವರ ಬಿಟ್ಟು ಎರಡು ದಿನ ಪೂರ್ತಿ ಕಳೆದು, ಹಸಿವು ಶುರುವಾಗಿ, ಮೂತ್ರ ಚೆನ್ನಾಗಿ ಆಗ್ತಾ ಇದ್ದರೆ ಗಂಡಾಂತರ ದಾಟಿದಿರಿ ಅನ್ನಬಹುದು. ಆಗ ಕೆಲವರಿಗೆ ಕಾಲು ಕೈಯೆಲ್ಲ ಕೆಂಪಾಗಿ, ನಡುನಡುವೆ ಬಿಳಿ ಮಚ್ಚೆ ಬಿಟ್ಟ ಹಾಗೆ ದದ್ದು ಏಳುತ್ತೆ, ತುರಿಕೆ ಬೇರೆ. ನೋಡಿದರೆ ದಿಗಿಲಾಗುತ್ತೆ, ಆದರೆ ಅದು ಗುಣ ಆಗ್ತಿರುವ ಗುರುತು. ಸುಸ್ತು ಮಾತ್ರ ವಾರಗಟ್ಟಲೆ ಎಳೆಯಬಹುದು. ಮ್ಯಾನೇಜರ್‌ಗಳು ಇದನ್ನ ಓದ್ತಾ ಇದ್ದರೆ, ಡೆಂಗಿಯಿಂದ ಎದ್ದವರಿಗೆ ಮೊದಲ ವಾರ ನೈಟ್ ಆನ್-ಕಾಲ್ ಹಾಕಬೇಡಿ, ಪ್ಲೀಸ್.

ಇನ್ನು ಸೊಳ್ಳೆ ಪರದೆ. ಜ್ವರ ಇರುವ ದಿನಗಳಲ್ಲಿ ರೋಗಿಯ ರಕ್ತದಲ್ಲಿ ವೈರಸ್ ಇರುತ್ತೆ. ಅವರನ್ನ ಕಚ್ಚಿದ ಸೊಳ್ಳೆ ಮುಂದೆ ಮನೆಮಂದಿಗೆಲ್ಲ ಹಂಚುತ್ತೆ. ಈ ಈಡಿಸ್ ಸೊಳ್ಳೆ ಕಚ್ಚೋದು ಹಗಲಿನಲ್ಲಿ. ಆದ್ದರಿಂದ ರೋಗಿ ಹಗಲಲ್ಲೂ ಪರದೆಯೊಳಗೇ ಮಲಗಬೇಕು, ಎಷ್ಟೇ ನಗೆಪಾಟಲು ಅನಿಸಿದರೂ. ಅದು ಮೊಟ್ಟೆ ಇಡೋದು ಚರಂಡಿಯಲ್ಲಲ್ಲ, ನಿಂತ ತಿಳಿನೀರಿನಲ್ಲಿ: ಮನಿ ಪ್ಲಾಂಟ್ ಬಾಟಲಿ, ಫ್ರಿಜ್ ಹಿಂದಿನ ಟ್ರೇ, ಟೆರೇಸಿನಲ್ಲಿ ಬಿದ್ದ ಒಡಕು ಬಕೆಟ್ಟು. ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನ ಬ್ರಷ್ ಹಾಕಿ ಉಜ್ಜಬೇಕು. ಅಂಟಿಕೊಂಡ ಮೊಟ್ಟೆ ಒಣಗಿದ ಮೇಲೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತೆ, ಮತ್ತೆ ನೀರು ಸೋಕಿದ ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತೆ.