ಡೇರೆಯೊಳಗಿನವರ ಹೆಸರು

ಪಾಶ್ಚಾತ್ಯ ದೇಶಗಳ ಸರ್ಕಸ್ಸಿನ ಹಳೆಯ ಛಾಯಾಚಿತ್ರಗಳಲ್ಲಿ, ಕಲಘಟಗಿಯ ತೊಟ್ಟಿಲಿನಂತೆ ಮೈತುಂಬ ಚಿತ್ತಾರ ತಳೆದ ಬಂಡಿಗಳು ಸಾಲಾಗಿ ನಿಂತಿರುತ್ತವೆ. ನಮ್ಮ ಸೀಮೆಯ ಸಂಚಾರಿ ಕಲಾವಿದರಿಗೆ ಅಂತಹ ರಥವೈಭವ ಲಭಿಸಿದುದಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದ ಮೇಲೆ ಅಣ್ಣಿಗೇರಿ, ಕುಂದಗೋಳಗಳಿಗೆ ಡೇರೆ, ಪರದೆ, ಪೆಟ್ಟಿಗೆಗಳನ್ನು ಗೂಡ್ಸ್ ಡಬ್ಬಿಯಲ್ಲಿ ತರುವುದು ಸಾಧ್ಯವಾಯಿತು. ರೈಲು ಮುಟ್ಟದ ನವಲಗುಂದ, ಕಲಘಟಗಿಗಳಿಗಾದರೋ ಚಕ್ಕಡಿಯೇ ಗತಿ, ಅದೂ ಎರೆಮಣ್ಣಿನ ಕೆಸರು ಆರಿದ ಬಳಿಕ.

ಸರ್ಕಸ್ಸೆಂಬುದು ಪರದೇಶದ ವಿನೋದ, ನಮಗೂ ಅದಕ್ಕೂ ಏನು ಸಂಬಂಧವೆಂದು ಭಾವಿಸುವವರು ಅನೇಕರಿದ್ದಾರೆ. ಆದರೆ 1880ರಲ್ಲಿ ಗ್ರೇಟ್ ಇಂಡಿಯನ್ ಸರ್ಕಸ್ಸನ್ನು ಸ್ಥಾಪಿಸಿದ ವಿಷ್ಣುಪಂತ ಛತ್ರೆಯವರು ಕುರುಂದವಾಡದ ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿದ್ದ ಅಶ್ವವಿದ್ಯಾಪಾರಂಗತರು. ಆ ಕಾಲದ ಕುಂದಗೋಳವೂ ಪಟವರ್ಧನರದೇ ಆದ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು. ಗ್ವಾಲಿಯರಿನ ಹದ್ದೂಖಾನರಲ್ಲಿ ಸಂಗೀತವನ್ನು ಅಭ್ಯಸಿಸಿದ್ದ ಛತ್ರೆಯವರು, ಗುರುಪುತ್ರ ರಹಿಮತ್ ಖಾನರನ್ನು ತಮ್ಮ ಸರ್ಕಸ್ಸಿನೊಡನೆ ಊರೂರಿಗೆ ಕರೆದೊಯ್ದು ಆದರದಿಂದ ಪೋಷಿಸಿದರು. ರಹಿಮತ್ ಖಾನರ ಗಾಯನವು ಗಾಯಕ ಅಬ್ದುಲ್ ಕರೀಂ ಖಾನರ ಶೈಲಿಯ ಮೇಲೆ ಗಾಢ ಪ್ರಭಾವವನ್ನು ಬೀರಿತು. ಕರೀಂ ಖಾನರ ಶಿಷ್ಯರಾಗಿ, ಮರಾಠಿ ಸಂಗೀತ ನಾಟಕ ಮಂಡಳಿಗಳಲ್ಲಿ ಸ್ತ್ರೀಪಾತ್ರಗಳನ್ನು ಧರಿಸಿ, ಸವಾಯಿ ಗಂಧರ್ವರೆಂದು (1886–1952) ಕೀರ್ತಿಶಾಲಿಗಳಾದವರು ಕುಂದಗೋಳದ ರಾಮಭಾವು. ಅಲ್ಲಿನ ನಾಡಿಗೇರ ವಾಡೆಯಲ್ಲಿ ಅವರ ಸ್ಮರಣಾರ್ಥ ಅಹೋರಾತ್ರಿ ಹಾಡುವ ಗಾಯಕರ ಪರಂಪರೆಗೆ, ಹೀಗೆ, ಸರ್ಕಸ್ಸಿನ ಡೇರೆಯೂ ಒಂದು ತವರಾಗಿದೆ.

ಅದರಿಂದಲೇ ಇಂದಿನ ಒಂದು ರೂಢಿಯನ್ನು ಕಂಡು ನನಗೆ ವ್ಯಥೆಯಾಗುತ್ತದೆ. ಸರ್ಕಸ್ಸು, ನಾಟಕ ಕಂಪನಿಗಳ ಹಳೆಯ ಭಾವಚಿತ್ರಗಳು ಗುಜರಿಯಿಂದ ಹೊರಟು ಹೊಟೇಲುಗಳ ಗೋಡೆಯ ಅಲಂಕಾರವಾಗುತ್ತಿವೆ. ಮಾಲೀಕನ ಹೆಸರು ಉಳಿದೀತು, ಪ್ರಸಿದ್ಧ ನಟನ ಹೆಸರೂ ಉಳಿದೀತು. ಜೋಕಾಲಿಯ ಮೇಲೆ ನಿಂತ ಹುಡುಗಿ, ಕುದುರೆಯ ಲಗಾಮು ಹಿಡಿದ ಆಳು, ಡೇರೆಯ ಕಂಬವನ್ನು ಎತ್ತಿದವರು ಯಾರೆಂದು ಕೇಳುವವರೇ ಇಲ್ಲ. ಚಿತ್ರದ ಅಂದಕ್ಕೆ ಮರುಳಾಗಿ ಅದರೊಳಗಿನ ವೇದನೆಯನ್ನು ಮರೆಯುವುದೂ ತರವಲ್ಲ. ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳನ್ನು ಪಳಗಿಸಿ ಆಡಿಸುವುದನ್ನು ಕೇಂದ್ರ ಸರ್ಕಾರವು 1998ರಲ್ಲಿ ನಿಷೇಧಿಸಿತು. ಮಕ್ಕಳನ್ನು ಸರ್ಕಸ್ಸಿನಲ್ಲಿ ದುಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು ವಿಧಿಸಿದುದು 2011ರಲ್ಲಿ. ತಂತಿಯ ಮೇಲೆ ಸಮತೋಲದಿಂದ ನಿಂತ ಬಾಲಕನ ಮುಖವನ್ನು ನಿಟ್ಟಿಸಿ ನೋಡಿದವರಿಗೆ, ಆ ತೀರ್ಪು ಇಷ್ಟು ತಡವಾಗಿ ಬಂದಿತಲ್ಲಾ ಎಂದು ಕರುಳು ಕಿವಿಚದೆ ಇರಲಾರದು. ಅಂತಹ ಚಿತ್ರವನ್ನು ಮರೆಮಾಡಬಾರದು. ಯಾರ ಮಗು, ಯಾವ ಊರಿನದು ಎಂಬುದನ್ನು ಶೋಧಿಸಬೇಕು.

ಈ ಕಾರ್ಯಕ್ಕೆ ಭವ್ಯ ಸಂಗ್ರಹಾಲಯಕ್ಕಾಗಿ ಕಾಯಬೇಕಾಗಿಲ್ಲ. ಮನೆಮನೆಯ ಟ್ರಂಕಿನಲ್ಲಿರುವ ಚಿತ್ರಗಳ ಪ್ರತಿಯನ್ನು ತೆಗೆದು ಮೂಲವನ್ನು ಒಡೆಯರಿಗೆ ಹಿಂದಿರುಗಿಸುವ ಕೆಲಸವನ್ನು ಗ್ರಾಮ ಪಂಚಾಯತಿಯ ಗ್ರಂಥಾಲಯಗಳೇ ಮಾಡಬಲ್ಲವು; ಕುಂದಗೋಳದ ಸಂಗೀತೋತ್ಸವಕ್ಕೆ ಅಣ್ಣಿಗೇರಿ, ಕುಂದಗೋಳ, ನವಲಗುಂದ, ಕಲಘಟಗಿ ಈ ನಾಲ್ಕೂ ತಾಲೂಕುಗಳಿಂದ ಬರುವ ಹಿರಿಯರ ಮುಂದೆ ಆ ಪ್ರತಿಗಳನ್ನು ಹರಡಿ, ಗುರುತು ಕೇಳಬಹುದು. ಗುರುತು ಸಿಕ್ಕೊಡನೆ ಹೆಸರು, ಊರು, ಕಂಪನಿ, ವರ್ಷಗಳನ್ನು ಪ್ರತಿಯ ಬೆನ್ನಿಗೆ ಮೆತ್ತನೆಯ ಪೆನ್ಸಿಲಿನಿಂದ ಹಗುರಾಗಿ ಬರೆಯಬೇಕು. ಶಾಯಿ ಬೇಡ, ಅದು ಕಾಲಾಂತರದಲ್ಲಿ ಕಾಗದವನ್ನು ತೂರಿ ಮುಖಕ್ಕೇ ಇಳಿಯುತ್ತದೆ.