ಚಂದ್ರ ಕಾಣುವ ಮೊದಲೇ ತಟ್ಟೆ ನಿಶ್ಚಯವಾಗಲಿ

ಮುಂದಿನ ರಂಜಾನ್ 2027ರ ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಆರಂಭವಾಗುವ ನಿರೀಕ್ಷೆಯಿದೆ. ದಿನ ಖಚಿತವಾಗುವುದು ಚಂದ್ರ ಕಂಡ ಮೇಲೆಯೇ. ಆದರೂ ಡಿಸೆಂಬರಿನಲ್ಲೇ ಈ ಮಾತು ಎತ್ತುತ್ತಿದ್ದೇವೆ. ಸಕ್ಕರೆ ಕಾಯಿಲೆಯಿದ್ದು ರೋಜಾ ಹಿಡಿಯಬಯಸುವವರು ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿ. ಎಣಿಸಿ ನೋಡಿದರೆ ಆ ಗಡುವು ಈ ತಿಂಗಳ ನಡುವಿಗೇ ಬಂತು.

ಬೆಂಗಳೂರಿನ ಶಿವಾಜಿನಗರ, ಫ್ರೇಜರ್ ಟೌನ್‌ಗಳ ಹಾಗೆ ನಮ್ಮ ಮಹಾಲಕ್ಷ್ಮಿ ಲೇಔಟ್ ರಂಜಾನ್ ಅಂಗಡಿಗಳ ಸಾಲಿಗೆ ಹೆಸರಾದ ಬಡಾವಣೆಯಲ್ಲ. ಇಲ್ಲಿ ಇಫ್ತಾರ್ ಎಂದರೆ ಮನೆಯ ನಡುಕೋಣೆ, ಇಲ್ಲವೇ ಮಹಡಿಯ ತಾರಸಿ. ನಾಲ್ಕಾರು ಮನೆಯವರು ಒಂದೊಂದು ಡಬ್ಬಿ ತಂದು ದಸ್ತರ್‌ಖಾನ್ ಹಾಸಿ ಕೂರುವುದು. ಇದಕ್ಕಿಂತ ಚೆಂದದ ಪದ್ಧತಿ ಇಲ್ಲವೆಂದೇ ನಮ್ಮ ಭಾವನೆ. 2023ರಲ್ಲಿ ಯುನೆಸ್ಕೊ ಇಫ್ತಾರನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಈ ಕೂಡಿ ಉಣ್ಣುವ ಗುಣಕ್ಕಾಗಿಯೇ.

ತೊಂದರೆ ಶುರುವಾಗುವುದೂ ಅಲ್ಲೇ. ನಾಲ್ವರ ಮುಂದೆ ಇಡುವುದಕ್ಕೆ ಯಾರೂ ಸಾದಾ ಅಡುಗೆ ತರುವುದಿಲ್ಲ. ಒಂದು ಮನೆಯಿಂದ ಸಮೋಸ, ಇನ್ನೊಂದರಿಂದ ಕಬಾಬ್, ಮತ್ತೊಂದರಿಂದ ಬಿರಿಯಾನಿ, ಕೊನೆಗೆ ಫಿರ್ನಿ. ಯಾರೂ ಅತಿ ಮಾಡಿದವರಲ್ಲ. ತಮ್ಮ ಮನೆಯ ಒಳ್ಳೆಯದನ್ನಷ್ಟೇ ತಂದವರು. ಆದರೆ ಎಲ್ಲ ಸೇರಿದಾಗ ತಟ್ಟೆಯಲ್ಲಿ ಎಣ್ಣೆ, ಮೈದಾ, ಸಕ್ಕರೆಯೇ ತುಂಬಿ, ಸೊಪ್ಪು, ಕಾಳು, ಹಣ್ಣುಗಳಿಗೆ ಜಾಗವಿರುವುದಿಲ್ಲ. ಹಬ್ಬದ ದಿನ ಒಂದು ಹೊತ್ತಿಗೆ ಇದು ನಡೆದೀತು. ಮೂವತ್ತು ಸಂಜೆಗೆ ನಡೆಯದು. ಹೊಟ್ಟೆಯ ಮೂರನೇ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಪ್ರವಾದಿಯವರ ಬೋಧನೆಯನ್ನು ಮಸೀದಿಯಲ್ಲಿ ಕೇಳಿ ಬಂದವರೇ ಈ ತಟ್ಟೆಯ ಮುಂದೆ ಕೂರುತ್ತಾರೆ.

ಎಚ್ಚರಿಕೆ ಬೇಕಾಗಿರುವುದು ಯಾಕೆ? ಸಕ್ಕರೆ ಕಾಯಿಲೆಯವರಿಗೆ ಉಪವಾಸದಲ್ಲಿ ಸಕ್ಕರೆ ಕುಸಿಯುವುದೊಂದೇ ಅಪಾಯ ಎಂದು ನಾವೆಲ್ಲ ತಿಳಿದಿದ್ದೇವೆ. 2001ರಲ್ಲಿ 13 ದೇಶಗಳಲ್ಲಿ ನಡೆದ ಎಪಿಡಯಾರ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಲ್ಲಿ ತೀವ್ರವಾಗಿ ಸಕ್ಕರೆ ಕುಸಿದ ಪ್ರಕರಣಗಳು ರಂಜಾನ್‌ನಲ್ಲಿ ಸುಮಾರು ಏಳೂವರೆ ಪಟ್ಟಾದವು, ನಿಜ. ಆದರೆ ಸಕ್ಕರೆ ವಿಪರೀತ ಏರಿ ಆಸ್ಪತ್ರೆ ಸೇರಿದ ಪ್ರಕರಣಗಳೂ ಸುಮಾರು ಐದು ಪಟ್ಟಾಗಿದ್ದವು. ಹಗಲಿಗೆ ಹೆದರುವ ನಾವು ರಾತ್ರಿಯನ್ನು ಮರೆಯುತ್ತೇವೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು; ಹಾಗಾಗಿ ನಿಮ್ಮ ದಸ್ತರ್‌ಖಾನ್ ಸುತ್ತ ಕೂತವರಲ್ಲೂ ಒಬ್ಬರಾದರೂ ಇರಬಹುದು. ಅವರು ಬಾಯಿಬಿಟ್ಟು ಹೇಳುವುದಿಲ್ಲ. ಖಾಲಾ ಪ್ರೀತಿಯಿಂದ ಬಡಿಸಿದ್ದನ್ನು ಬೇಡವೆನ್ನುವುದು ಹೇಗೆ? ದಿನಕ್ಕೆ 25 ಗ್ರಾಂ ಸಕ್ಕರೆ ಸಾಕು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ. ಎರಡು ಲೋಟ ಶರಬತ್ತು, ಒಂದು ಬಟ್ಟಲು ಫಿರ್ನಿಯಲ್ಲಿ ಆ ಲೆಕ್ಕ ಮುಗಿದೇ ಹೋಗಿರುತ್ತದೆ.

ಹೊರಗಿನಿಂದ ತರುವವರಿಗೆ ಇನ್ನೊಂದು ಮಾತು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷಿಸಿದ 39 ಮಾದರಿಗಳಲ್ಲಿ 8 ಅಸುರಕ್ಷಿತವಾಗಿದ್ದವು. ಕೆಂಪಗೆ ಹೊಳೆಯುವ ಕಬಾಬ್ ಕಂಡರೆ ಮುಂದಿನ ಅಂಗಡಿಗೆ ನಡೆಯಿರಿ.

ಇನ್ನು ಅಡುಗೆಮನೆ. ನೀರೂ ಕುಡಿಯದೆ ರೋಜಾ ಹಿಡಿದ ಹೆಂಗಸರು ಅಸರ್ ನಮಾಜ್ ಮುಗಿಸಿದ್ದೇ ಕಾದ ಎಣ್ಣೆಯ ಮುಂದೆ ನಿಲ್ಲುತ್ತಾರೆ, ಅಜಾನ್ ಆಗುವವರೆಗೂ ಕರಿಯುತ್ತಲೇ ಇರುತ್ತಾರೆ. ತರಾವೀಹ್‌ಗೆ ಮೈಯಲ್ಲಿ ಬಲವಿರುವುದಿಲ್ಲ, ಸಹರಿಗೆ ಮತ್ತೆ ಅವರೇ ಏಳಬೇಕು. ಊಟ ಸರಳವಾಗಲಿ ಎಂದು ನಾವು ಒತ್ತಿ ಹೇಳುವುದು ಆರೋಗ್ಯಕ್ಕಾಗಿ ಎಷ್ಟೋ, ಈ ಹೆಂಗಸರಿಗಾಗಿಯೂ ಅಷ್ಟೇ.

ಹಾಗಾದರೆ ತಟ್ಟೆಯಲ್ಲಿ ಏನಿರಲಿ? ಕರಿದದ್ದು ಒಂದೇ ಬಗೆ ಸಾಕು, ಅದೂ ಸರದಿಯ ಮೇಲೆ ಒಂದೇ ಮನೆಯಿಂದ. ಖರ್ಜೂರ ಮೂರು, ನೀರು ಧಾರಾಳ. ಶರಬತ್ತಿನ ಬದಲು ಮಜ್ಜಿಗೆ, ಇಲ್ಲವೇ ಕಾಮಕಸ್ತೂರಿ ಬೀಜ ನೆನೆಸಿದ ಸಪ್ಪೆ ನಿಂಬೆ ನೀರು. ನಗರದ ಹಲವು ಮಸೀದಿಗಳಲ್ಲಿ ಹಂಚುವ ಗಂಜಿ, ಅದೇ ಅಕ್ಕಿ, ಹೆಸರುಬೇಳೆ, ಮೆಂತ್ಯ, ಬೆಳ್ಳುಳ್ಳಿಯದು, ದಣಿದ ಹೊಟ್ಟೆಗೆ ಹಿತ. ಬಿರಿಯಾನಿ ವಾರಕ್ಕೊಮ್ಮೆ ಇರಲಿ. ಉಳಿದ ದಿನ ಅನ್ನ, ದಾಲ್ಚಾ, ಒಂದು ತರಕಾರಿ. ಸಹರಿಗೆ ರಾಗಿ ಅಂಬಲಿ, ಮೊಸರು. ನೆರೆಯ ಹಿಂದೂ ಮನೆಯವರು ಏನು ತರಲಿ ಎಂದು ಕೇಳಿದರೆ ಸಿಹಿ ಹೇಳಬೇಡಿ. ರಾಮನವಮಿಗೆ ಈ ಬೀದಿಗಳಲ್ಲೇ ಹಂಚುತ್ತಾರಲ್ಲ, ಆ ಹೆಸರುಬೇಳೆ ಕೋಸಂಬರಿ ಕೇಳಿ.

ಮನೆಯಲ್ಲಿ ಮಾತ್ರೆ, ಇನ್ಸುಲಿನ್ ಮೇಲಿರುವವರನ್ನು ಈ ವಾರವೇ ಅವರ ವೈದ್ಯರ ಬಳಿಗೋ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗೋ ಕರೆದೊಯ್ಯಿರಿ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲ. 70ಕ್ಕಿಂತ ಇಳಿದರೆ, 300 ದಾಟಿದರೆ ಆ ದಿನದ ರೋಜಾ ನಿಲ್ಲಿಸಬೇಕು. ಆಮೇಲೆ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರು ಏನು ತರುವುದೆಂದು ಪಟ್ಟಿ ಮಾಡಿ. ಮೊದಲ ಸಾಲಿನಲ್ಲೇ ಬರೆಯಿರಿ: ಗಂಜಿ ಯಾರ ಮನೆಯಿಂದ?