ರೇಟು ಕೇಳಿದರೆ ವ್ಯಾಪಾರ ಆದಂಗಲ್ಲ

ರಾಣೆಬೆನ್ನೂರಿನ ಕೋರ್ಟಿನಲ್ಲಿ ನಾನು ವಕೀಲಿ ವೃತ್ತಿ ಹಿಡಿದು ಇಪ್ಪತ್ತು ವರ್ಷ ದಾಟಿತು. ಹೊಲದ ಬದುವಿನ ತಂಟೆ, ವಾಟ್ನಿ ದಾವೆ, ಚೆಕ್ ಬೌನ್ಸ್, ಜೀವನಾಂಶದ ಅರ್ಜಿ, ಇವುಗಳಲ್ಲೇ ನನ್ನ ದಿನ ಕಳೆಯುತ್ತದೆ. 2024ರ ಜೂನ್ ತಿಂಗಳ ಒಂದು ಸಂಜೆ ನಮ್ಮ ಗುಮಾಸ್ತರು ಫೈಲುಗಳನ್ನೆಲ್ಲ ಕಪಾಟಿಗೆ ಸೇರಿಸಿದ ಮೇಲೂ ಮನೆಗೆ ಹೊರಡದೆ ಬಾಗಿಲ ಬಳಿ ನಿಂತರು. "ಮೇಡಂ, ಹುಡುಗಿ ವಕೀಲಕಿ ಕಲೀತೇನಿ ಅಂತಾಳ್ರಿ. ಬೆಂಗಳೂರಿನ ದೊಡ್ಡ ಕಾಲೇಜಿಗೆ ಏನೋ ಪರೀಕ್ಷಾ ಐತಂತ. ನೀವು ಸ್ವಲ್ಪ ಹೇಳಿಕೊಡ್ರಲ್ಲ" ಅಂದರು. ಹನ್ನೆರಡು ವರ್ಷದಿಂದ ಜೊತೆಗಿರುವ ಮನುಷ್ಯ ನನ್ನ ಬಳಿ ಕೇಳಿದ ಮೊದಲ ಸಹಾಯ ಅದು.

ಹುಡುಗಿ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಕಲಾ ವಿಭಾಗದ ಎರಡನೇ ಪಿಯುಸಿ ಓದುತ್ತಿದ್ದಳು. ಒಂದನೇ ತರಗತಿಯಿಂದಲೂ ಕನ್ನಡ ಮಾಧ್ಯಮ. ಅವಳು ಹೇಳಿದ ಪರೀಕ್ಷೆ ಕ್ಲ್ಯಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ. ಮೊದಲೆಲ್ಲ ಒಂದೊಂದು ಕಾನೂನು ಶಾಲೆಯೂ ತನ್ನದೇ ಪರೀಕ್ಷೆ ನಡೆಸುತ್ತಿತ್ತು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪರೀಕ್ಷೆ ಮಾಡಿದವು. ಈಗ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿಗೆ ಇದೊಂದೇ ದಾರಿ. ಬೆಂಗಳೂರಿನ ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆಗೂ ಇದೇ ದಾರಿ. ಕರ್ನಾಟಕದ ವಿಧಾನಮಂಡಲ ಕಾಯ್ದೆ ಮಾಡಿ ಕಟ್ಟಿದ ಸಂಸ್ಥೆ ಅದು, ಎನ್.ಆರ್. ಮಾಧವ ಮೆನನ್ ಅದರ ಮೊದಲ ನಿರ್ದೇಶಕರು.

ಗುಮಾಸ್ತರು ಅಷ್ಟರಲ್ಲಾಗಲೇ ಒಂದು ಕೋಚಿಂಗ್ ಕೇಂದ್ರಕ್ಕೆ ಫೋನ್ ಮಾಡಿ ವಿಚಾರಿಸಿದ್ದರು. ಅವರು ಹೇಳಿದ ಶುಲ್ಕ ಇವರ ಒಂದು ವರ್ಷದ ಗಳಿಕೆಗೆ ಹತ್ತಿರವಿತ್ತು. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಕಕ್ಷಿದಾರರು ಬಾರದ ಹೊತ್ತಿನಲ್ಲಿ, ನನ್ನ ಕಚೇರಿಯ ಮೇಜೇ ಅವಳ ತರಗತಿಯಾಯಿತು.

ಮೊದಲ ಭಾನುವಾರವೇ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಮುದ್ರಿಸಿಕೊಂಡು ಕೂತೆವು. ನಾನೂ ಅದನ್ನು ನೋಡಿದ್ದು ಅಂದೇ ಮೊದಲು. ಎರಡು ಗಂಟೆಯಲ್ಲಿ 120 ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿದರೆ ಕಾಲು ಅಂಕ ಕಳೆಯುತ್ತಾರೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂದು ಐದು ಭಾಗ. 2020ರಿಂದ ಪರೀಕ್ಷೆಯ ಸ್ವರೂಪವೇ ಬೇರೆಯಾಗಿದೆ. ಬಿಡಿ ಬಿಡಿ ಪ್ರಶ್ನೆಗಳು ಹೋಗಿ, 450 ಪದಗಳವರೆಗಿನ ಉದ್ಧೃತ ಭಾಗ ಕೊಟ್ಟು ಅದರ ಕೆಳಗೆ ಪ್ರಶ್ನೆ ಕೇಳುತ್ತಾರೆ. ಎಲ್ಲವೂ ಇಂಗ್ಲಿಷಿನಲ್ಲಿ. ಲೆಕ್ಕ ಹಾಕಿದರೆ ಎರಡು ಗಂಟೆಯಲ್ಲಿ ಎಂಟು ಹತ್ತು ಸಾವಿರ ಪದ ಓದಿ, ಅರ್ಥ ಮಾಡಿಕೊಂಡು, ಯೋಚಿಸಿ, ಉತ್ತರದ ವೃತ್ತ ತುಂಬಬೇಕು.

ಹುಡುಗಿಗೆ ಒಂದು ಭಾಗ ಓದಿ ಮುಗಿಸಲು ಒಂಬತ್ತು ನಿಮಿಷ ಬೇಕಾಯಿತು. ಕಣ್ಣು ಒಂದೊಂದು ಸಾಲಿನ ಮೇಲೂ ಎರಡೆರಡು ಸಲ ಹೋಗಿ ಬರುತ್ತಿತ್ತು. ಎರಡು ಗಂಟೆ ಮುಗಿದಾಗ ಅರ್ಧ ಪತ್ರಿಕೆಯನ್ನೂ ಮುಟ್ಟಿರಲಿಲ್ಲ. ತಲೆ ತಗ್ಗಿಸಿ, "ನನಗ ಇದು ಆಗೂದಿಲ್ಲೇನೋ ಮೇಡಂ" ಅಂದಳು.

ಆ ಮಾತು ರಾತ್ರಿಯೆಲ್ಲ ನನ್ನನ್ನು ಕಾಡಿತು. ಕಾನೂನು ಭಾಗದ ಬಗ್ಗೆ ಪರೀಕ್ಷೆ ನಡೆಸುವವರೇ ಸ್ಪಷ್ಟವಾಗಿ ಹೇಳುವ ಮಾತೊಂದಿದೆ: ಇದಕ್ಕೆ ಕಾನೂನಿನ ಪೂರ್ವಜ್ಞಾನ ಬೇಡ. ಒಂದು ತತ್ವ ಕೊಡುತ್ತಾರೆ, ಒಂದು ಸಂಗತಿ ಕೊಡುತ್ತಾರೆ. ತತ್ವವನ್ನು ಸಂಗತಿಗೆ ಹೊಂದಿಸಿ ಉತ್ತರ ಹುಡುಕಬೇಕು. ನಾನು ದಿನಾ ಕೋರ್ಟಿನಲ್ಲಿ ಮಾಡುವ ಕೆಲಸವೂ ಇದೇ. ಈ ಹುಡುಗಿಗೆ ಆ ಶಕ್ತಿ ಇಲ್ಲವೋ, ಇದ್ದದ್ದು ಇಂಗ್ಲಿಷಿನ ಹಿಂದೆ ಮರೆಯಾಗಿದೆಯೋ? ನನಗೆ ತಿಳಿಯಬೇಕಿತ್ತು.

ಮುಂದಿನ ವಾರ ನಾನೇ ಕೂತು ಅದೇ ಮಾದರಿಯಲ್ಲಿ, ಅಷ್ಟೇ ಉದ್ದದ ಒಂದು ಭಾಗವನ್ನು ಕನ್ನಡದಲ್ಲಿ ಬರೆದೆ. ವಿಷಯ ಕರಾರಿನ ಕಾಯ್ದೆಯ ಹಳೆಯ ಪಾಠ. 1893ರ ಹಾರ್ವೆ ಮತ್ತು ಫೇಸಿ ಪ್ರಕರಣ ಕಾನೂನು ಓದಿದವರಿಗೆಲ್ಲ ಗೊತ್ತು. ಜಮೈಕಾದ ಒಂದು ಆಸ್ತಿಯನ್ನು ಮಾರುತ್ತೀರಾ, ಕಡಿಮೆಯೆಂದರೆ ಎಷ್ಟಕ್ಕೆ ಎಂದು ಒಬ್ಬರು ತಂತಿ ಕಳಿಸಿ ಕೇಳಿದರು. ಇನ್ನೊಬ್ಬರು ಬೆಲೆಯನ್ನಷ್ಟೇ ತಿಳಿಸಿ ಮರುತಂತಿ ಕೊಟ್ಟರು. ಅಷ್ಟಕ್ಕೇ ಕರಾರು ಆಗಲಿಲ್ಲ ಎಂದು ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ನಾನು ಆ ಆಸ್ತಿಯ ಜಾಗದಲ್ಲಿ ನಮ್ಮೂರ ಗೋವಿನಜೋಳ ಇಟ್ಟೆ. ತತ್ವ ಬದಲಾಗಲಿಲ್ಲ.

ಹುಡುಗಿ ಮೂರೂವರೆ ನಿಮಿಷದಲ್ಲಿ ಓದಿ ಮುಗಿಸಿದಳು. ಐದು ಪ್ರಶ್ನೆಗಳಲ್ಲಿ ಐದೂ ಸರಿ. ಹೇಗೆ ಗೊತ್ತಾಯಿತು ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟು: "ಅಜ್ಜನ ಜೋಡಿ ಎಪಿಎಂಸಿಗೆ ಹೋಗಿರ್ತೇನ್ರಿ ಮೇಡಂ. ರೇಟು ಕೇಳಿದರ ವ್ಯಾಪಾರ ಆದಂಗಲ್ಲರಿ. ಅವರು ತಗೊಂಡೆ ಅನ್ಬೇಕು, ಇವರು ಕೊಟ್ಟೆ ಅನ್ಬೇಕು."

ಪ್ರಿವಿ ಕೌನ್ಸಿಲಿನ ತೀರ್ಪಿನ ತಿರುಳನ್ನು ಆ ಮಗು ಎರಡು ವಾಕ್ಯದಲ್ಲಿ ನನ್ನ ಮೇಜಿನ ಮೇಲಿಟ್ಟಿತು. ಬದುವಿನ ಕಲ್ಲು ಸರಿಸಿದವನ ಜೊತೆ ಅಪ್ಪ ಜಗಳಕ್ಕೆ ನಿಂತಿದ್ದನ್ನು ಕಂಡ ಮಗುವಿಗೆ ಅತಿಕ್ರಮ ಪ್ರವೇಶ ಎಂದರೇನೆಂದು ಕಲಿಸಬೇಕಿಲ್ಲ. ಅತ್ತೆಗೆ ಆಸ್ತಿಯಲ್ಲಿ ಪಾಲು ಕೊಡಬೇಕೋ ಬೇಡವೋ ಎಂಬ ಮಾತು ಪಡಸಾಲೆಯಲ್ಲಿ ನಡೆದದ್ದನ್ನು ಕೇಳಿ ಬೆಳೆದವಳು ಹಕ್ಕು, ಹೊಣೆ, ಸಾಕ್ಷಿ ಎಂದರೇನೆಂದು ಅನುಭವದಿಂದ ಬಲ್ಲಳು. ಕಾನೂನು ಓದಲು ಬೇಕಾದ ಬುದ್ಧಿ ನಮ್ಮ ಹಳ್ಳಿಗಳ ಮಕ್ಕಳಲ್ಲಿ ಧಾರಾಳವಾಗಿದೆ. ಪ್ರಶ್ನೆಪತ್ರಿಕೆ ಆ ಬುದ್ಧಿಯನ್ನು ಅಳೆಯುವ ಮೊದಲೇ ಇಂಗ್ಲಿಷ್ ಓದಿನ ವೇಗವನ್ನು ಅಳೆದು ಅವರನ್ನು ಹೊರಗೆ ನಿಲ್ಲಿಸುತ್ತಿದೆ.

ಅಂದಿನಿಂದ ನಮ್ಮ ತಯಾರಿಯ ದಾರಿ ಬದಲಾಯಿತು. ಇದನ್ನು ಪಿಯುಸಿ ಮಕ್ಕಳ ತಂದೆತಾಯಂದಿರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹುಡುಗಿ ದಿನಾ ಕನ್ನಡ ಪತ್ರಿಕೆ ಓದುತ್ತಿದ್ದಳು. ಪ್ರಚಲಿತ ವಿದ್ಯಮಾನದಲ್ಲಿ ನನಗಿಂತ ಚುರುಕು. ಆದರೆ ಸುಗ್ರೀವಾಜ್ಞೆ ಗೊತ್ತಿದ್ದವಳಿಗೆ ಆರ್ಡಿನೆನ್ಸ್ ಗೊತ್ತಿರಲಿಲ್ಲ. ವಾಗ್ದಂಡನೆ ಗೊತ್ತು, ಇಂಪೀಚ್‌ಮೆಂಟ್ ಗೊತ್ತಿಲ್ಲ. ಹಕ್ಕುಚ್ಯುತಿ ಗೊತ್ತು, ಅದರ ಇಂಗ್ಲಿಷ್ ಹೆಸರು ಕೇಳಿಲ್ಲ. ವಿಷಯ ಅವಳದಾಗಿತ್ತು, ಹೆಸರು ಮಾತ್ರ ಬೇರೆಯವರ ಹತ್ತಿರವಿತ್ತು. ಅದಕ್ಕಾಗಿ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು ಎರಡು ಅಂಕಣ ಮಾಡಿದಳು: ಒಂದು ಕಡೆ ಕನ್ನಡದ ಪದ, ಇನ್ನೊಂದು ಕಡೆ ಇಂಗ್ಲಿಷಿನದು. ನಿರ್ಲಕ್ಷ್ಯ, ನೆಗ್ಲಿಜೆನ್ಸ್. ಉಪದ್ರವ, ನ್ಯೂಸೆನ್ಸ್. ಹೊಣೆಗಾರಿಕೆ, ಲಯಬಿಲಿಟಿ. ಜೊತೆಗೆ ದಿನಾ ಒಂದು ಇಂಗ್ಲಿಷ್ ಸಂಪಾದಕೀಯವನ್ನು ಗಡಿಯಾರ ಇಟ್ಟುಕೊಂಡು ಓದುವುದು, ಆಮೇಲೆ ಅದರ ಸಾರವನ್ನು ಕನ್ನಡದಲ್ಲಿ ಮೂರು ಸಾಲು ಬರೆಯುವುದು. ಗಣಿತಕ್ಕೆ ಶೇಕಡಾವಾರು, ಅನುಪಾತ, ಸರಾಸರಿ ಇಷ್ಟನ್ನೇ ಹೈಸ್ಕೂಲಿನ ಪುಸ್ತಕದಿಂದ ಪುನಃ ಮಾಡಿದಳು. ಇದಕ್ಕೆಲ್ಲ ಖರ್ಚಾದದ್ದು ಜೆರಾಕ್ಸಿನ ದುಡ್ಡು. ನವೆಂಬರ್ ಹೊತ್ತಿಗೆ ಒಂಬತ್ತು ನಿಮಿಷ ಐದೂವರೆಗೆ ಇಳಿದಿತ್ತು.

ಪರೀಕ್ಷೆ ಕಳೆದ ಕೆಲವು ವರ್ಷಗಳಿಂದ ಡಿಸೆಂಬರ್ ತಿಂಗಳ ಮೊದಲ ಭಾನುವಾರ ಬರುತ್ತಿದೆ. 2024ರಲ್ಲಿ ಡಿಸೆಂಬರ್ 1. ಅಪ್ಪ ಮಗಳು ಹಿಂದಿನ ರಾತ್ರಿಯ ರೈಲು ಹತ್ತಿ ಬೆಂಗಳೂರಿಗೆ ಹೋದರು. ಕಾನೂನು ಭಾಗದಲ್ಲಿ ಅವಳು ಮುಟ್ಟಿದ 22 ಪ್ರಶ್ನೆಗಳಲ್ಲಿ 19 ಸರಿಯಾದವು. ಇಡೀ ಪತ್ರಿಕೆಯಲ್ಲಿ 39 ಪ್ರಶ್ನೆಗಳನ್ನು ಓದಲೂ ಹೊತ್ತು ಸಿಗಲಿಲ್ಲ. ಸೀಟು ಬರಲಿಲ್ಲ. ಅವಳು ಸೋತದ್ದು ಆ 39 ಪ್ರಶ್ನೆಗಳಲ್ಲಿ, ಅವುಗಳಲ್ಲಿ ಏನು ಕೇಳಿದ್ದಾರೆಂದು ತಿಳಿಯುವ ಮೊದಲೇ.

ಕನ್ನಡದಲ್ಲಿ ಈ ಪರೀಕ್ಷೆ ಕೊಡಿ ಎಂದರೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ. ಒಳಗೆ ಪಾಠವೆಲ್ಲ ಇಂಗ್ಲಿಷಿನಲ್ಲಿ, ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟಿನ ಭಾಷೆ ಇಂಗ್ಲಿಷ್, ಹಾಗಿರುವಾಗ ಇಂಗ್ಲಿಷ್ ಬಾರದವರನ್ನು ಸೇರಿಸಿಕೊಂಡು ಏನು ಮಾಡುವುದು ಎನ್ನುತ್ತಾರೆ. ಇದು ತಳ್ಳಿಹಾಕುವ ಮಾತಲ್ಲ, ಉತ್ತರಿಸಬೇಕಾದ ಮಾತು.

ವೈದ್ಯಕೀಯ ಕಾಲೇಜುಗಳಲ್ಲಿ ನಮ್ಮಲ್ಲಿ ಪಾಠ ನಡೆಯುವುದೂ ಇಂಗ್ಲಿಷಿನಲ್ಲೇ. ಆದರೂ 2017ರಿಂದ ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಎಂಜಿನಿಯರಿಂಗ್‌ನ ಜೆಇಇ ಮೇನ್ 2021ರಿಂದ ಕನ್ನಡವೂ ಸೇರಿ 13 ಭಾಷೆಗಳಲ್ಲಿದೆ. ದೇಹದ ಶಾಸ್ತ್ರವನ್ನು, ಯಂತ್ರದ ಶಾಸ್ತ್ರವನ್ನು ಕಲಿಯಲು ಕನ್ನಡದ ಮೂಲಕ ಬಾಗಿಲು ದಾಟಬಹುದಾದರೆ, ಜನರ ಜಗಳ ಬಗೆಹರಿಸುವ ಶಾಸ್ತ್ರಕ್ಕೆ ಮಾತ್ರ ಯಾಕೆ ಆಗಬಾರದು? ನಮ್ಮ ರಾಜ್ಯದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ನನ್ನ ಕಕ್ಷಿದಾರರ ಬದುಕು ತೀರ್ಮಾನವಾಗುವುದು ಅಲ್ಲಿ, ಸಾಕ್ಷಿ ಹೇಳುವ ಮುದುಕಿಗೆ ಪಾಟೀ ಸವಾಲು ಹಾಕುವುದು ಅಲ್ಲಿ, ಕನ್ನಡದಲ್ಲಿ. ದೇಶದ ಅತ್ಯುತ್ತಮ ಕಾನೂನು ಶಿಕ್ಷಣ ಪಡೆದವರು ಈ ಕೋರ್ಟುಗಳಿಗೂ ಬರಬೇಕೆಂದು ನಾವು ಬಯಸುವುದಾದರೆ, ಇಲ್ಲಿಂದ ಅಲ್ಲಿಗೆ ಹೋಗುವ ಮಕ್ಕಳಿರಬೇಕು.

ಇನ್ನು ಇಂಗ್ಲಿಷ್ ಕಲಿಯುವ ಮಾತು. ನಾನೂ ಕನ್ನಡ ಮಾಧ್ಯಮದವಳೇ. ಹುಬ್ಬಳ್ಳಿಯಲ್ಲಿ ಕಾನೂನು ಪದವಿ ಮುಗಿಸಿದಾಗ ಹೈಕೋರ್ಟಿನ ಒಂದು ತೀರ್ಪು ಓದಿ ಅರ್ಥ ಮಾಡಿಕೊಳ್ಳಲು ನನಗೆ ಇಡೀ ರಾತ್ರಿ ಬೇಕಾಗುತ್ತಿತ್ತು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ನಿಂತು ಇಂಗ್ಲಿಷಿನಲ್ಲಿ ವಾದ ಮಂಡಿಸಿದೆ. ಭಾಷೆಯನ್ನು ಓದುತ್ತಾ ಕಲಿಯಬಹುದು. ಅದಕ್ಕೆ ಐದು ವರ್ಷದ ಕೋರ್ಸು, ಒಳ್ಳೆಯ ಗ್ರಂಥಾಲಯ, ತಿದ್ದುವ ಅಧ್ಯಾಪಕರು ಬೇಕು. ಅವೆಲ್ಲ ಇರುವುದು ಬಾಗಿಲಿನ ಒಳಗೆ.

ಈ ಬೇಡಿಕೆ ನನ್ನೊಬ್ಬಳದಲ್ಲ. ಪ್ರಾದೇಶಿಕ ಭಾಷೆಗಳಲ್ಲೂ ಕ್ಲ್ಯಾಟ್ ನಡೆಸಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2023ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದಾಗ ಭಾರತೀಯ ವಕೀಲರ ಪರಿಷತ್ತು ಅದನ್ನು ಬೆಂಬಲಿಸಿತು. ಅದಕ್ಕೂ ಬಹಳ ಮೊದಲೇ, 2010ರಲ್ಲಿ, ಪ್ರೊಫೆಸರ್ ಶಾಮ್ನಾದ್ ಬಷೀರ್ 'ಐಡಿಯಾ' ಎಂಬ ಸಂಸ್ಥೆ ಕಟ್ಟಿ, ಬಡ ಮನೆಗಳ ಮಕ್ಕಳನ್ನು ಹುಡುಕಿ ಈ ಪರೀಕ್ಷೆಗೆ ತಯಾರು ಮಾಡುವ ಕೆಲಸ ಶುರು ಮಾಡಿದ್ದರು. 2019ರಲ್ಲಿ ಅವರು ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಅಕಾಲದಲ್ಲಿ ತೀರಿಕೊಂಡರು. ಅವರು ಕಂಡ ಕನಸಿಗೆ ನಮ್ಮ ನಾಡು ಋಣಿ.

ಬೆಂಗಳೂರಿನ ಕಾನೂನು ಶಾಲೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಬೇಕೆಂದು ರಾಜ್ಯ ಸರ್ಕಾರ 2020ರಲ್ಲಿ ಕಾಯ್ದೆ ತಿದ್ದಿತು. ಅದೇ ವರ್ಷ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2021ರಿಂದ ಸಂಸ್ಥೆಯೇ ತನ್ನ ನಿರ್ಧಾರದಿಂದ ಅಷ್ಟು ಪಾಲನ್ನು ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಕೊಡುತ್ತಿದೆ. ಇದು ದೊಡ್ಡ ಹೆಜ್ಜೆ, ಮನಸಾರೆ ಮೆಚ್ಚುತ್ತೇನೆ. ಆದರೆ ಆ ಸೀಟುಗಳಿಗೂ ದಾರಿ ಅದೇ ಇಂಗ್ಲಿಷ್ ಪತ್ರಿಕೆ. ಬೆಂಗಳೂರಿನ ದುಬಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದವರೂ ರಾಣೆಬೆನ್ನೂರಿನ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಓದಿದವರೂ ಅಲ್ಲಿ ಒಂದೇ ಗಡಿಯಾರದ ಮುಂದೆ ಕೂರುತ್ತಾರೆ. ಸೀಟು ಕಾದಿಟ್ಟರೆ ಸಾಲದು, ಅಲ್ಲಿಗೆ ನಡೆದು ಬರುವ ದಾರಿಯನ್ನೂ ಮಾಡಿಕೊಡಬೇಕು.

ಹಾಗಾಗಿ ನನ್ನ ಕೋರಿಕೆ ಮೂರು. ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟ ಇಂಗ್ಲಿಷ್ ಭಾಗವನ್ನು ಹಾಗೇ ಇಟ್ಟು, ಉಳಿದ ನಾಲ್ಕು ಭಾಗಗಳನ್ನು ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಕೊಡಲಿ. ರಾಜ್ಯ ಸರ್ಕಾರ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ, ಅದರಲ್ಲೂ ಯಾರ ಗಮನಕ್ಕೂ ಬಾರದ ಕಲಾ ವಿಭಾಗದಲ್ಲಿ, ಮೊದಲ ವರ್ಷದಿಂದಲೇ ವಾರಕ್ಕೆ ಎರಡು ತಾಸು ಓದಿನ ಅಭ್ಯಾಸ ಶುರು ಮಾಡಲಿ. ಮೂರನೆಯದು ನನ್ನ ವಕೀಲ ಮಿತ್ರರಿಗೆ: ಪ್ರತಿ ತಾಲ್ಲೂಕಿನ ವಕೀಲರ ಸಂಘಕ್ಕೂ ಒಂದು ಕೋಣೆ ಇದೆ, ಭಾನುವಾರ ಅದು ಖಾಲಿ ಇರುತ್ತದೆ. ವಾರಕ್ಕೆ ಮೂರು ತಾಸು ಒಬ್ಬರು ಕೊಟ್ಟರೂ ಸಾಕು.

ನಮ್ಮ ಗುಮಾಸ್ತರ ಮಗಳು ಈಗ ಹುಬ್ಬಳ್ಳಿಯಲ್ಲಿ ಕಾನೂನು ಓದುತ್ತಿದ್ದಾಳೆ. ರಜೆಗೆ ಬಂದಾಗ ಭಾನುವಾರ ಬೆಳಿಗ್ಗೆ ನನಗಿಂತ ಮೊದಲು ಕಚೇರಿಯ ಬಾಗಿಲು ತೆಗೆದಿರುತ್ತಾಳೆ. ಅದೇ ಮೇಜಿನ ಮುಂದೆ ಈಗ ಎರಡನೇ ಪಿಯುಸಿಯ ಇಬ್ಬರು ಹುಡುಗಿಯರು ಕೂತಿರುತ್ತಾರೆ, ನಡುವೆ ಅವಳ ಆ ನೋಟ್‌ಬುಕ್ಕು ತೆರೆದಿರುತ್ತದೆ. ಡಿಸೆಂಬರಿನಲ್ಲಿ ಅವರೂ ಬೆಂಗಳೂರಿನ ರೈಲು ಹತ್ತುತ್ತಾರೆ. ಮುಂದೆ ಒಂದು ದಿನ ಇಂಥ ಮಕ್ಕಳ ಕೈಗೆ ಸಿಗುವ ಪ್ರಶ್ನೆಪತ್ರಿಕೆಯೂ ಆ ನೋಟ್‌ಬುಕ್ಕಿನ ಹಾಗೆಯೇ ಇರಲಿ: ನಡುವೆ ಒಂದು ಗೆರೆ, ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಕನ್ನಡ.